ಬೆಳಕಿನಿಂದ ಅಳೆಯುವುದು: ಕತ್ತಲ ಬಾಗಿಲಿನಿಂದ ಬರುವ ಗದ್ದಲ

ಮಡಿಕೇರಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಊರಿನವರು ಎಲ್ಲ ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದಿದ್ದ ಲೆಕ್ಕವನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಗೋಡೆಯ ಮೇಲೆ ಕೆಂಪು ಪಟ್ಟೆಗಳು ಕಾಣುತ್ತಿವೆಯಲ್ಲ, ಮೊದಲು ಅದನ್ನೇ ನೋಡೋಣ. ಮೇಜಿನ ಮೇಲೆ ಇರುವುದು ಇಷ್ಟೇ: ಒಂದು ಗ್ರಾನೈಟ್ ಚಪ್ಪಡಿ, ಅದರ ಮೇಲೆ ಒಂದು ಸಣ್ಣ ಲೇಸರ್, ಎರಡು ಕನ್ನಡಿ, ಒಂದು ಲೆನ್ಸ್, ನಡುವೆ ಅರ್ಧ ಬೆಳಕನ್ನು ಬಿಟ್ಟು ಇನ್ನರ್ಧವನ್ನು ಪಕ್ಕಕ್ಕೆ ತಿರುಗಿಸುವ ಒಂದು ಗಾಜು. ಆ ಗಾಜಿಗೆ ಬೀಮ್ ಸ್ಪ್ಲಿಟರ್ ಅಂತಾರೆ. ಎರಡು ದಾರಿ ಹಿಡಿದ ಬೆಳಕು ತನ್ನ ತನ್ನ ಕನ್ನಡಿಗೆ ಬಡಿದು ವಾಪಸ್ ಬಂದು ಅದೇ ಗಾಜಿನಲ್ಲಿ ಮತ್ತೆ ಸೇರುತ್ತದೆ. ಅಲೆಯ ಉಬ್ಬು ಉಬ್ಬಿಗೇ ಸೇರಿದರೆ ಬೆಳಕು, ಉಬ್ಬು ತಗ್ಗಿಗೆ ಸೇರಿದರೆ ಕತ್ತಲೆ. ಪಟ್ಟೆ ಅಂದರೆ ಅದೇ.

ಈಗ ಯಾರಾದರೂ ಒಬ್ಬರು ಬಂದು ಈ ಚಪ್ಪಡಿಯ ಮೂಲೆಯನ್ನು ಬೆರಳಿನಿಂದ ಒತ್ತಿ. ಜೋರಾಗಿ ಬೇಡ, ಸುಮ್ನೆ ಒತ್ತಿದರೆ ಸಾಕು.

(ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಎದ್ದು ಬಂದು ಒತ್ತಿದಳು. ಪಟ್ಟೆಗಳು ಒಂದು ಕಡೆಗೆ ಸರಿದವು. ಬೆರಳು ತೆಗೆದ ಕೂಡಲೇ ನಡುಗುತ್ತಾ ಹಿಂದಕ್ಕೆ ಬಂದವು.)

ನೋಡಿದಿರಾ? ಕಲ್ಲು ಬಗ್ಗಿತು. ಎರಡು ಇಂಚು ದಪ್ಪದ ಕಲ್ಲು ಒಂದು ಬೆರಳಿಗೆ ಬಗ್ಗುತ್ತದೆ ಅಂದರೆ ಕಣ್ಣಿಗೆ ನಂಬಿಕೆ ಬರಲ್ಲ, ಆದರೆ ಬೆಳಕಿಗೆ ಗೊತ್ತಾಗುತ್ತದೆ. ಈ ಲೇಸರಿನ ಅಲೆಯ ಉದ್ದ 650 ನ್ಯಾನೋಮೀಟರ್. ಕನ್ನಡಿ ಅದರ ಅರ್ಧದಷ್ಟು, ಅಂದರೆ 325 ನ್ಯಾನೋಮೀಟರ್ ಸರಿದರೆ ಒಂದು ಪಟ್ಟೆ ಪೂರ್ತಿ ದಾಟುತ್ತದೆ. ಅದು ತಲೆಕೂದಲಿನ ದಪ್ಪದ ಸುಮಾರು ಇನ್ನೂರರಲ್ಲಿ ಒಂದು ಪಾಲು. ಇನ್ನೊಂದು ಮಾಡಿ. ಕನ್ನಡಿ ಮುಟ್ಟಬೇಡಿ, ಬೆಳಕು ಹೋಗುವ ದಾರಿಯ ಕೆಳಗೆ ಅಂಗೈ ಹಿಡಿಯಿರಿ. ಪಟ್ಟೆ ನಿಧಾನಕ್ಕೆ ಜಾರಿತಲ್ವಾ? ಕೈಯ ಬಿಸಿಗೆ ಅಲ್ಲಿನ ಗಾಳಿ ಸ್ವಲ್ಪ ತೆಳುವಾಯಿತು, ಆ ದಾರಿಯ ಬೆಳಕು ಕೊಂಚ ಬೇಗ ಬಂತು. ಹೊರಗೆ ಬಸ್ಸು ಹೋದಾಗಲೂ ಪಟ್ಟೆ ನಡುಗುತ್ತಿತ್ತು, ಕೆಲವರು ಆಗಲೇ ಗಮನಿಸಿರಬಹುದು.

ಇದನ್ನು ಮೊದಲು ಕಟ್ಟಿದವರು ಆಲ್ಬರ್ಟ್ ಮೈಕೆಲ್ಸನ್. 1881ರಲ್ಲಿ ಅವರು ಬರ್ಲಿನ್‌ನಲ್ಲಿ ಶುರುಮಾಡಿದರು. ರಸ್ತೆಯ ಗಾಡಿಗಳ ಅದುರಿಗೆ ರಾತ್ರಿಯೂ ಅಳತೆ ಸಿಗಲಿಲ್ಲ, ಉಪಕರಣ ಹೊತ್ತುಕೊಂಡು ಪಾಟ್ಸ್‌ಡ್ಯಾಮ್‌ಗೆ ಹೋದರು. ಅಲ್ಲೂ ನೂರು ಮೀಟರ್ ದೂರದಲ್ಲಿ ಯಾರಾದರೂ ನೆಲಕ್ಕೆ ಕಾಲು ಬಡಿದರೆ ಪಟ್ಟೆ ಮಾಯ. 1887ರಲ್ಲಿ ಎಡ್ವರ್ಡ್ ಮಾರ್ಲಿ ಜೊತೆ ಕ್ಲೀವ್‌ಲ್ಯಾಂಡ್‌ನಲ್ಲಿ ಮತ್ತೆ ಮಾಡಿದಾಗ ಇಡೀ ಉಪಕರಣವನ್ನು ಒಂದು ದೊಡ್ಡ ಮರಳುಗಲ್ಲಿನ ಮೇಲೆ ಕಟ್ಟಿ, ಆ ಕಲ್ಲನ್ನೇ ಪಾದರಸದ ಮೇಲೆ ತೇಲಿಬಿಟ್ಟರು. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಇದೇ: ಅದುರು ತಡೆಯುವುದು, ಗಾಳಿ ತಡೆಯುವುದು, ಬಿಸಿ ತಡೆಯುವುದು.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದರ ಮುಂದಿನ ಮಾತು. ಎಲ್ಲವನ್ನೂ ತಡೆದಿರಿ ಅಂದುಕೊಳ್ಳಿ. ಅದುರಿಲ್ಲ, ಗಾಳಿಯಿಲ್ಲ, ಬಿಸಿಯ ಏರಿಳಿತವಿಲ್ಲ. ಆಗಲೂ ಪಟ್ಟೆ ಪೂರ್ತಿ ನಿಲ್ಲುವುದಿಲ್ಲ. ಉಳಿದ ಆ ನಡುಕ ಬೆಳಕಿನದೇ. ಅದು ಎಲ್ಲಿಂದ ಒಳಗೆ ಬರುತ್ತದೆ ಅನ್ನುವುದು ಸರಿಯಾಗಿ ಗೊತ್ತಾಗಲು 1980ರವರೆಗೆ ಕಾಯಬೇಕಾಯಿತು.

ಕೊಡಗಿನಲ್ಲಿ ಮಳೆ ಲೆಕ್ಕ ಬರೆಯದ ತೋಟದ ಮನೆ ಇಲ್ಲ. ಬೆಳಿಗ್ಗೆ ಎದ್ದು ರೇನ್ ಗೇಜ್ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಪುಸ್ತಕದಲ್ಲಿ ಬರೆಯುತ್ತೀರಿ, ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡಿ ನಿಮ್ಮಲ್ಲಿ ಎಷ್ಟು ಅಂತ ಕೇಳುತ್ತೀರಿ. ಈಗ ಒಂದೇ ಅಂಗಳದಲ್ಲಿ ಒಂದೇ ಥರದ ಎರಡು ಗೇಜ್ ಇಡಿ. ಸಣ್ಣ ತುಂತುರು, ಗೇಜಿನ ಬಾಯಿಗೆ ನಿಮಿಷಕ್ಕೆ ಸರಾಸರಿ 100 ಹನಿ ಬೀಳುತ್ತಿದೆ. ಹನಿ ಎಣಿಸಿದರೆ ಎರಡರಲ್ಲೂ ಸರಿಯಾಗಿ 100 ಬರುತ್ತದೆಯೇ? ಇಲ್ಲ. ಒಂದರಲ್ಲಿ 93 ಬರಬಹುದು, ಇನ್ನೊಂದರಲ್ಲಿ 108. ಒಂದು ಹನಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲದೆ ಬಿದ್ದರೆ ಏರಿಳಿತ ಎಷ್ಟಿರುತ್ತದೆ ಅನ್ನುವುದಕ್ಕೆ ಸರಳ ಲೆಕ್ಕ ಇದೆ, ವರ್ಗಮೂಲ ತೆಗೆದರೆ ಆಯಿತು. 100ಕ್ಕೆ 10, ಅಂದರೆ ನೂರಕ್ಕೆ 10 ಪಾಲು. ಹತ್ತು ಸಾವಿರ ಹನಿಗೆ 100, ಅಂದರೆ ನೂರಕ್ಕೆ 1 ಪಾಲು. ಹತ್ತು ಲಕ್ಷಕ್ಕೆ 1,000, ಅಂದರೆ ಸಾವಿರಕ್ಕೆ 1 ಪಾಲು. ಹನಿ ಜಾಸ್ತಿಯಾದಷ್ಟೂ ಲೆಕ್ಕ ನಿಖರ. ಆದರೆ ನಿಖರತೆ ಹತ್ತುಪಟ್ಟು ಬೇಕಾದರೆ ಹನಿ ನೂರುಪಟ್ಟು ಬೇಕು.

ಬೆಳಕೂ ಬಿಡಿಬಿಡಿಯಾಗಿ ಬರುತ್ತದೆ. ಆ ಬಿಡಿಗೆ ಫೋಟಾನ್ ಅಂತ ಹೆಸರು. ಈ ಒಂದು ಮಿಲಿವ್ಯಾಟ್ ಲೇಸರಿನಿಂದ ಸೆಕೆಂಡಿಗೆ ಹೊರಡುವ ಫೋಟಾನ್‌ಗಳನ್ನು ಬರೆಯಲು 3ರ ಮುಂದೆ 15 ಸೊನ್ನೆ ಹಾಕಬೇಕು. ಅದರ ವರ್ಗಮೂಲ 5 ಕೋಟಿಗೂ ಜಾಸ್ತಿ. ಅಂದರೆ ಎಷ್ಟೇ ಒಳ್ಳೆಯ ಲೇಸರ್ ತಂದರೂ ಈ ಸೆಕೆಂಡಿಗೂ ಮುಂದಿನ ಸೆಕೆಂಡಿಗೂ ಕೋಟಿಗಟ್ಟಲೆ ಫೋಟಾನ್ ವ್ಯತ್ಯಾಸ ಇದ್ದೇ ಇರುತ್ತದೆ. ಇದಕ್ಕೆ ಶಾಟ್ ನಾಯ್ಸ್ ಅನ್ನುತ್ತಾರೆ. ನಾನು ಗದ್ದಲ ಅಂತಲೇ ಕರೆಯುತ್ತೇನೆ.

ಈ ಗದ್ದಲ ಯಾರಿಗೆ ಅಡ್ಡಿ? ಚಪ್ಪಡಿ ಬಗ್ಗಿದ್ದನ್ನು ನೋಡುವವರಿಗೆ ಏನೂ ಅಡ್ಡಿಯಿಲ್ಲ. ಗುರುತ್ವದ ಅಲೆ, ಅಂದರೆ ಜಾಗವನ್ನೇ ಒಂದು ಚೂರು ಹಿಗ್ಗಿಸಿ ಕುಗ್ಗಿಸುತ್ತಾ ಹರಡುವ ಅಲೆ, ಅದನ್ನು ಹುಡುಕುವವರಿಗೆ ಅದೇ ದೊಡ್ಡ ಗೋಡೆ.

ಆ ಅಲೆ ಹುಡುಕುವ ಅಮೆರಿಕದ ಲೈಗೋ ಅಂದರೆ ಈ ಮೇಜಿನ ಮೇಲಿರುವ ಉಪಕರಣದ್ದೇ ದೊಡ್ಡ ರೂಪ. ಅದರ ಒಂದೊಂದು ತೋಳು 4 ಕಿಲೋಮೀಟರ್ ಉದ್ದ, ಗಾಳಿ ತೆಗೆದ ಕೊಳವೆಯ ಒಳಗೆ. ಬೆಳಕು ಪ್ರತಿ ತೋಳಿನಲ್ಲಿ ಸುಮಾರು 300 ಸಲ ಹೋಗಿ ಬರುತ್ತದೆ. ಕನ್ನಡಿ ಒಂದೊಂದೂ 40 ಕಿಲೋ, ಸುಮಾರು 0.4 ಮಿಲಿಮೀಟರ್ ದಪ್ಪದ ಗಾಜಿನ ಎಳೆಗಳಲ್ಲಿ ತೂಗುತ್ತಿರುತ್ತದೆ. 2015ರ ಸೆಪ್ಟೆಂಬರ್ 14ರಂದು ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ನಲ್ಲಿರುವ ಎರಡು ಕೇಂದ್ರಗಳಲ್ಲೂ, 7 ಮಿಲಿಸೆಕೆಂಡ್ ಅಂತರದಲ್ಲಿ, ಒಂದೇ ಥರದ ಅಲುಗಾಟ ಬಂತು. ಸುಮಾರು 130 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ಕಪ್ಪು ಕುಳಿಗಳು, ಅಂದರೆ ಬೆಳಕೂ ಹೊರಬರಲಾರದಷ್ಟು ಎಳೆತ ಇರುವ ಬ್ಲ್ಯಾಕ್ ಹೋಲ್‌ಗಳು, ಒಂದಾಗಿದ್ದವು. ಇಲ್ಲಿಗೆ ಬರುವಾಗ ಆ ಅಲೆ 4 ಕಿಲೋಮೀಟರ್ ತೋಳನ್ನು ಅಲುಗಿಸಿದ್ದು ಪರಮಾಣುವಿನ ನಡುವೆ ಇರುವ ಪ್ರೋಟಾನ್ ಕಣದ ಅಗಲದ ಸುಮಾರು ನಾನೂರರಲ್ಲಿ ಒಂದು ಪಾಲಿನಷ್ಟು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ, ಏಕೆಂದರೆ ಹೋದಲ್ಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಕನ್ನಡಿಯೇ ಪರಮಾಣುಗಳಿಂದ ಆಗಿದೆ, ಆ ಪರಮಾಣುಗಳು ತಾವೇ ಇದಕ್ಕಿಂತ ಎಷ್ಟೋ ಜಾಸ್ತಿ ಅಲುಗುತ್ತಿರುತ್ತವೆ, ಹಾಗಿರುವಾಗ ಪ್ರೋಟಾನಿಗಿಂತ ಸಣ್ಣದನ್ನು ಅಳೆಯುವುದು ಹೇಗೆ? ಬೆಳಕಿನ ಕಿರಣ ಅಲ್ಲಿ ಹಲವು ಸೆಂಟಿಮೀಟರ್ ಅಗಲ ಇರುತ್ತದೆ. ಅದು ಒಂದು ಪರಮಾಣುವನ್ನು ನೋಡುವುದೇ ಇಲ್ಲ, ಎಣಿಸಲಾಗದಷ್ಟು ಪರಮಾಣುಗಳ ಸರಾಸರಿ ಜಾಗವನ್ನು ನೋಡುತ್ತದೆ. ಒಂದು ಆ ಕಡೆ ಹೋದರೆ ಇನ್ನೊಂದು ಈ ಕಡೆ, ಸರಾಸರಿ ಬಹಳ ಗಟ್ಟಿಯಾಗಿ ನಿಂತಿರುತ್ತದೆ.

ಈ ಕಥೆಯಲ್ಲಿ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಕಪ್ಪು ಕುಳಿಯನ್ನು ಕೆಣಕಿದರೆ ಅದು ತನ್ನದೇ ಆದ ಕಂಪನದಲ್ಲಿ ನಡುಗಿ ಬೇಗ ತಣ್ಣಗಾಗುತ್ತದೆ ಅಂತ ಅವರು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2015ರಲ್ಲಿ ಸಿಕ್ಕ ಅಲೆಯ ಕೊನೆಯ ತುಣುಕಿನಲ್ಲಿ ಹುಡುಕಿದ್ದು ಆ ನಡುಕವನ್ನೇ. ಬೆಂಗಳೂರಿನ ನೆಹರು ತಾರಾಲಯಕ್ಕೆ ಶಾಲೆಯಿಂದ ಟೂರ್ ಹೋಗಿರುತ್ತೀರಲ್ಲ, ಅದರ ಮೊದಲ ನಿರ್ದೇಶಕರು ಅವರೇ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂದಾಗ ಅವರು ನಮ್ಮ ಜೊತೆ ಇದ್ದರು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ. ಮರುವರ್ಷ ತೀರಿಕೊಂಡರು.

ಸರಿ, ಗದ್ದಲಕ್ಕೆ ವಾಪಸ್ ಬರೋಣ. ಹನಿ ಜಾಸ್ತಿಯಾದರೆ ಲೆಕ್ಕ ನಿಖರ ಅಂದೆ. ಹಾಗಾದರೆ ಲೇಸರ್ ಜೋರು ಮಾಡಿದರೆ ಆಯಿತಲ್ಲ? ಮಾಡಿದ್ದಾರೆ. ಲೈಗೋ ತೋಳುಗಳ ಒಳಗೆ ಲಕ್ಷಗಟ್ಟಲೆ ವ್ಯಾಟ್ ಬೆಳಕು ಓಡಾಡುತ್ತದೆ. ಆದರೆ ಬೆಳಕಿಗೆ ತಳ್ಳುವ ಗುಣ ಇದೆ. ಫೋಟಾನ್ ಕನ್ನಡಿಗೆ ಬಡಿದು ತಿರುಗುವಾಗ ಕನ್ನಡಿಯನ್ನು ಹಿಂದಕ್ಕೆ ನೂಕುತ್ತದೆ. ಫೋಟಾನ್‌ಗಳ ಎಣಿಕೆ ಏರಿಳಿದರೆ ನೂಕುವುದೂ ಏರಿಳಿಯುತ್ತದೆ, ಕನ್ನಡಿ ನಡುಗುತ್ತದೆ. ಬೆಳಕು ಕಡಿಮೆ ಮಾಡಿದರೆ ಎಣಿಕೆ ಒರಟು, ಜಾಸ್ತಿ ಮಾಡಿದರೆ ಕನ್ನಡಿ ಅಲುಗಾಟ. ಎರಡರ ನಡುವೆ ಒಂದು ಮಿತಿ ಇದೆ ಅಂತ ಮಾಸ್ಕೋದ ವ್ಲಾದಿಮಿರ್ ಬ್ರಗಿನ್‌ಸ್ಕಿ 1960ರ ದಶಕದಲ್ಲೇ ಹೇಳಿದ್ದರು. 2020ರಲ್ಲಿ ಲೈಗೋದವರು ಇದನ್ನು ಅಳೆದೇ ತೋರಿಸಿದರು: ಬೆಳಕಿನ ಕ್ವಾಂಟಮ್ ಏರಿಳಿತ 40 ಕಿಲೋ ಕನ್ನಡಿಯನ್ನು ನಿಜವಾಗಿಯೂ ಅಲುಗಿಸುತ್ತದೆ. ಎಷ್ಟು ಅಂದರೆ, ಒಂದು ಮೀಟರನ್ನು 1ರ ಮುಂದೆ 20 ಸೊನ್ನೆ ಇಟ್ಟು ಭಾಗಿಸಿದಷ್ಟು. ಪರಮಾಣುವಿನ ಲೋಕದ ನಿಯಮ ಕೈಯಲ್ಲಿ ಎತ್ತಲು ಕಷ್ಟವಾಗುವ ಒಂದು ಗಾಜಿನ ತುಂಡಿನಲ್ಲಿ ಕಾಣಿಸಿತು! ನನ್ನ ಪ್ರಕಾರ ಭೌತಶಾಸ್ತ್ರದಲ್ಲಿ ಇತ್ತೀಚೆಗೆ ಆದ ತುಂಬ ಚೆಂದದ ಪ್ರಯೋಗಗಳಲ್ಲಿ ಇದೂ ಒಂದು.

ಮಳೆಯ ಹೋಲಿಕೆಯನ್ನು ಇಲ್ಲಿ ಬಿಡಬೇಕು. ಮುಂದಿನದು ಮಳೆಯಲ್ಲಿ ಇಲ್ಲ.

ಅಮೆರಿಕದ ಕಾರ್ಲ್‌ಟನ್ ಕೇವ್ಸ್ 1980ರ ಸುಮಾರಿಗೆ ಒಂದು ಸರಳ ಪ್ರಶ್ನೆ ಕೇಳಿದರು. ಈ ಬೀಮ್ ಸ್ಪ್ಲಿಟರ್ ನೋಡಿ. ಇದಕ್ಕೆ ನಾಲ್ಕು ಬದಿ. ಒಂದು ಬದಿಯಿಂದ ಲೇಸರ್ ಒಳಗೆ ಬರುತ್ತದೆ, ಎರಡು ಬದಿ ಎರಡು ಕನ್ನಡಿಗೆ. ನಾಲ್ಕನೆಯದು ನಾವು ಪಟ್ಟೆ ನೋಡುವ ಬದಿ. ಲೈಗೋದಲ್ಲಿ ಆ ಬದಿಯನ್ನು ಬಹುಮಟ್ಟಿಗೆ ಕತ್ತಲಾಗಿ ಇಟ್ಟಿರುತ್ತಾರೆ, ತೋಳು ಅಲುಗಿದಾಗ ಅಲ್ಲಿ ಬೆಳಕಿನ ಬದಲಾವಣೆ ಕಾಣಿಸಬೇಕು ಅಂತ. ಬೆಳಕು ಅಲ್ಲಿಂದ ಹೊರಗೆ ಬರಬಹುದು ಅಂದರೆ ಅದೇ ದಾರಿಯಲ್ಲಿ ಒಳಗೂ ಹೋಗಬಹುದು ಅಲ್ವಾ? ಅಲ್ಲಿಂದ ಒಳಗೆ ಹೋಗುತ್ತಿರುವುದು ಏನು?

ಏನೂ ಇಲ್ಲ, ಕತ್ತಲೆ, ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಕ್ವಾಂಟಮ್ ನಿಯಮದ ಪ್ರಕಾರ ದೀಪವೆಲ್ಲ ಆರಿಸಿ, ಗಾಳಿಯೆಲ್ಲ ತೆಗೆದು, ಒಂದೇ ಒಂದು ಫೋಟಾನ್ ಇಲ್ಲದ ಜಾಗದಲ್ಲೂ ಬೆಳಕಿನ ಅಲೆ ಪೂರ್ತಿ ಸೊನ್ನೆಯಲ್ಲಿ ನಿಲ್ಲುವುದಿಲ್ಲ, ಸೊನ್ನೆಯ ಸುತ್ತ ಸ್ವಲ್ಪ ಅಲುಗುತ್ತಲೇ ಇರುತ್ತದೆ. ಆ ಅಲುಗಾಟ ನಾಲ್ಕನೇ ಬದಿಯಿಂದ ಒಳಗೆ ನುಗ್ಗಿ ಲೇಸರಿನ ಜೊತೆ ಬೆರೆಯುತ್ತದೆ. ಎಣಿಕೆಯ ಗದ್ದಲಕ್ಕೂ ಅದೇ ಕಾರಣ, ಕನ್ನಡಿ ನಡುಗುವುದಕ್ಕೂ ಅದೇ ಕಾರಣ. ಎಲ್ಲರೂ ಲೇಸರ್ ಕಡೆ ನೋಡುತ್ತಿದ್ದರು, ಕೇವ್ಸ್ ಏನನ್ನೂ ಇಡದೆ ಬಿಟ್ಟಿದ್ದ ಬದಿಯ ಕಡೆ ನೋಡಿದರು.

ಕಾರಣ ಗೊತ್ತಾದ ಮೇಲೆ ಉಪಾಯ ಹುಡುಕಬಹುದು. 1981ರ ಲೇಖನದಲ್ಲಿ ಅವರು ಹೇಳಿದ್ದು ಇದು: ಆ ಬಾಗಿಲು ಮುಚ್ಚಲು ಆಗುವುದಿಲ್ಲ, ಆದರೆ ಅಲ್ಲಿಂದ ಒಳಗೆ ಬರುವ ಅಲುಗಾಟದ ಆಕಾರವನ್ನು ಬದಲಾಯಿಸಬಹುದು. ಅಲೆಗೆ ಎರಡು ಗುಣ ಇವೆ. ಎಷ್ಟು ಎತ್ತರ ಏಳುತ್ತದೆ ಅನ್ನುವುದು ಒಂದು, ಉಬ್ಬು ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಇನ್ನೊಂದು. ಎರಡರಲ್ಲೂ ಅನಿಶ್ಚಿತತೆ ಇದೆ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡಲು ಪ್ರಕೃತಿ ಬಿಡುವುದಿಲ್ಲ. ಒಂದನ್ನು ಜಾಸ್ತಿ ಮಾಡಿ ಇನ್ನೊಂದನ್ನು ಕಡಿಮೆ ಮಾಡಲು ಬಿಡುತ್ತದೆ. ತೋಳಿನ ಉದ್ದ ಅಳೆಯುವವರಿಗೆ ಬೇಕಾಗಿರುವುದು ಉಬ್ಬು ಬರುವ ಹೊತ್ತು ಮಾತ್ರ. ಅದರ ಗದ್ದಲ ಇಳಿಸಿ, ಎತ್ತರದ ಗದ್ದಲ ಏರಿದರೆ ಏರಲಿ ಅಂತ ಬಿಡಬಹುದು. ಇದಕ್ಕೆ ಸ್ಕ್ವೀಜ್ಡ್ ಬೆಳಕು ಅಂತಾರೆ.

ಮಾಡುವುದು ಹೇಗೆ? ಒಂದು ವಿಶೇಷ ಹರಳಿನೊಳಗೆ 532 ನ್ಯಾನೋಮೀಟರ್ ಹಸಿರು ಲೇಸರ್ ಬಿಡುತ್ತಾರೆ. ಆಗಾಗ ಒಂದು ಹಸಿರು ಫೋಟಾನ್ ಒಡೆದು 1,064 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಎರಡು ಫೋಟಾನ್ ಆಗುತ್ತವೆ. ಜೊತೆಯಲ್ಲೇ ಹುಟ್ಟಿದ ಇವು ಪರಸ್ಪರ ಸಂಬಂಧ ಉಳಿಸಿಕೊಂಡಿರುತ್ತವೆ, ಒಂದಕ್ಕೊಂದು ಸಂಬಂಧ ಇಲ್ಲ ಅನ್ನುವ ವರ್ಗಮೂಲದ ಲೆಕ್ಕ ಅಲ್ಲಿ ಮುರಿಯುತ್ತದೆ. ಸ್ಕ್ವೀಜ್ಡ್ ಬೆಳಕು ಮೊದಲು ಪ್ರಯೋಗಾಲಯದಲ್ಲಿ ಕಂಡಿದ್ದು 1985ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಬೇರೆ ವಿಧಾನದಿಂದ. ಜರ್ಮನಿಯಲ್ಲಿ ಗುರುತ್ವದ ಅಲೆ ಹುಡುಕುವ ಜಿಇಒ 600 ಅನ್ನುವ ಕೇಂದ್ರ ಅದನ್ನು 2010ರಿಂದ ಬಳಸುತ್ತಿದೆ. ಲೈಗೋ 2019ರ ಏಪ್ರಿಲ್‌ನಿಂದ.

ಲೇಖನದಿಂದ ಬಳಕೆಗೆ ಬರಲು ಇಷ್ಟು ವರ್ಷ ಹಿಡಿದಿದ್ದು ಯಾಕೆ? ಬೆಳಕು ದಾರಿಯಲ್ಲಿ ಕಳೆದುಹೋಗುವುದೇ ಮುಖ್ಯ ಕಾರಣ. ಲೆನ್ಸು, ಕನ್ನಡಿ, ಒಂದು ಚೂರು ಧೂಳು, ಎಲ್ಲೆಲ್ಲಿ ಫೋಟಾನ್ ಕಳೆಯುತ್ತದೋ ಅಲ್ಲಲ್ಲಿ ಅದೇ ಹಳೆಯ ಗದ್ದಲ ಒಳಗೆ ಸೇರಿಕೊಳ್ಳುತ್ತದೆ. ನೂರಕ್ಕೆ 10 ಪಾಲು ಬೆಳಕು ಕಳೆದರೆ, ನೀವು ಎಷ್ಟೇ ಚೆನ್ನಾಗಿ ಮಾಡಿದ್ದರೂ ಗದ್ದಲ ಹತ್ತನೇ ಒಂದು ಪಾಲಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ನಮ್ಮ ದಿನದ ಕೆಲಸ ದೊಡ್ಡ ಸಮೀಕರಣ ಅಲ್ಲ, ಕನ್ನಡಿ ಒರೆಸುವುದು. ಲೆನ್ಸ್ ಕಾಗದ ಮಡಚಿ, ಅಂಚಿಗೆ ಎರಡು ಹನಿ ಮೆಥನಾಲ್ ಹಾಕಿ, ಒಂದೇ ದಿಕ್ಕಿಗೆ, ಒಂದೇ ಸಲ, ಒತ್ತದೆ ಎಳೆಯಬೇಕು. ಆ ಕಾಗದ ಮತ್ತೆ ಬಳಸುವಂತಿಲ್ಲ. ಹಿಂದೆ ಮುಂದೆ ಉಜ್ಜಿದರೆ ಧೂಳಿನ ಕಣವೇ ಕನ್ನಡಿಯನ್ನು ಗೀರುತ್ತದೆ. ಇಲ್ಲಿ ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸಿಗೆ ಫಂಗಸ್ ಹಿಡಿಯುವುದು ನಿಮಗೆಲ್ಲ ಗೊತ್ತು. ಒಣ ಡಬ್ಬಿ, ಸಿಲಿಕಾ ಜೆಲ್ ಅಂತ ಏನೆಲ್ಲ ಮಾಡುತ್ತೀರಿ. ಅಷ್ಟೇ ಕಾಳಜಿ ನಮಗೆ ವರ್ಷವಿಡೀ ಬೇಕು.

ಫಲ ಏನು ಸಿಕ್ಕಿತು ಅಂತ ಕೇಳಿದರೆ, 2019ರಲ್ಲಿ ಲಿವಿಂಗ್‌ಸ್ಟನ್ ಕೇಂದ್ರಕ್ಕೆ ಸುಮಾರು ನೂರಕ್ಕೆ 14ರಷ್ಟು ಜಾಸ್ತಿ ದೂರ ಕಾಣಿಸತೊಡಗಿತು. ಇಷ್ಟೇನಾ ಅನ್ನಬೇಡಿ. ದೂರ 1.14 ಪಟ್ಟು ಆದರೆ ನೋಡಬಹುದಾದ ಆಕಾಶದ ಗಾತ್ರ ಅದರ ಘನದಷ್ಟು, ಸುಮಾರು ಒಂದೂವರೆ ಪಟ್ಟು. ಎರಡು ಅಲೆ ಸಿಗುವ ಕಡೆ ಮೂರು ಸಿಗುತ್ತವೆ. 2023ರ ಮೇ ತಿಂಗಳಲ್ಲಿ ಶುರುವಾದ ಅಳತೆಯ ಸುತ್ತಿನಲ್ಲಿ 300 ಮೀಟರ್ ಉದ್ದದ ಇನ್ನೊಂದು ಕೊಳವೆ ಸೇರಿಸಿದ್ದಾರೆ. ನಿಧಾನದ ಕಂಪನಕ್ಕೆ ಒಂದು ಆಕಾರ, ವೇಗದ ಕಂಪನಕ್ಕೆ ಬೇರೆ ಆಕಾರ ಕೊಡುವ ವ್ಯವಸ್ಥೆ ಅದು. ಕನ್ನಡಿಯ ನಡುಕ ಕಾಡುವುದು ನಿಧಾನದ ಕಂಪನದಲ್ಲಿ, ಎಣಿಕೆಯ ಗದ್ದಲ ಕಾಡುವುದು ವೇಗದ್ದರಲ್ಲಿ. ಈಗ ಎರಡನ್ನೂ ಒಟ್ಟಿಗೆ ತಗ್ಗಿಸಬಹುದು. ಭಾರತದ ಲೈಗೋ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ಬಳಿ ಬರಲಿದೆ, 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕನ್ನಡಿ ಒರೆಸುವವರು ಬೇಕು, ಎಂಜಿನಿಯರುಗಳು ಬೇಕು, ನಿರ್ವಾತದ ಕೊಳವೆ ಬೆಸೆಯುವವರು ಬೇಕು.

ಗಡಿಯಾರದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಎತ್ತರದಲ್ಲಿ ಇರುವವರಿಗೆ ಇದು ನೇರ ಸಂಬಂಧಪಟ್ಟಿದ್ದು. ಭೂಮಿಯಿಂದ ಮೇಲೆ ಹೋದಷ್ಟೂ ಗಡಿಯಾರ ಬೇಗ ಓಡುತ್ತದೆ ಅಂತ ಐನ್‌ಸ್ಟೈನ್ ಹೇಳಿದ್ದರು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಲೆಕ್ಕ ಹಾಕಿದರೆ ಇಲ್ಲಿನ ಗಡಿಯಾರ ಮಂಗಳೂರಿನ ಕಡಲತೀರದ್ದಕ್ಕಿಂತ ದಿನಕ್ಕೆ 11 ನ್ಯಾನೋಸೆಕೆಂಡ್ ಮುಂದೆ ಹೋಗುತ್ತದೆ, ವರ್ಷಕ್ಕೆ ಸುಮಾರು 4 ಮೈಕ್ರೋಸೆಕೆಂಡ್. ಸ್ಟ್ರಾನ್ಷಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಲ್ಲೇ ಹಿಡಿದಿಟ್ಟು, ಇನ್ನೊಂದು ಲೇಸರನ್ನು ಅವುಗಳ ಕಂಪನಕ್ಕೆ ಹೊಂದಿಸಿ ಮಾಡುವ ಗಡಿಯಾರಕ್ಕೆ ಇದು ದೊಡ್ಡ ವ್ಯತ್ಯಾಸ. ಟೋಕಿಯೊದಲ್ಲಿ ಹಿದೆತೋಶಿ ಕತೋರಿ ತಂಡ ಇಂಥ ಎರಡು ಗಡಿಯಾರಗಳಲ್ಲಿ ಒಂದನ್ನು ಸ್ಕೈಟ್ರೀ ಗೋಪುರದ 450 ಮೀಟರ್ ಎತ್ತರದಲ್ಲಿ, ಇನ್ನೊಂದನ್ನು ನೆಲದಲ್ಲಿ ಇಟ್ಟು ಇದನ್ನು ಅಳೆದು 2020ರಲ್ಲಿ ಪ್ರಕಟಿಸಿತು. 2022ರಲ್ಲಿ ಅಮೆರಿಕದ ಜೂನ್ ಯೆ ತಂಡ ಒಂದೇ ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸವನ್ನೂ ಗಡಿಯಾರದಿಂದ ಕಂಡುಹಿಡಿಯಿತು.

ಪ್ರಶ್ನೆಗಳು ತುಂಬ ಬಂದವು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಕೇಳಿದರು: "ಅಷ್ಟು ದೂರದ್ದೆಲ್ಲ ಅಳೆಯುತ್ತೀರಿ ಸರ್, ಇಲ್ಲಿ ಬೆಟ್ಟ ಜಾರುವ ಮೊದಲು ಹೇಳಲು ಆಗುತ್ತದಾ?" ಜೋಡುಪಾಲ, ಮಕ್ಕಂದೂರು ಕಡೆ 2018ರ ಆಗಸ್ಟ್‌ನಲ್ಲಿ ಆಗಿದ್ದನ್ನು ಕಂಡವರ ಪ್ರಶ್ನೆ ಅದು. ಸಭೆ ಪೂರ್ತಿ ಉತ್ತರಕ್ಕೆ ಕಾಯುತ್ತಿತ್ತು.

ನಾನು ಹೇಳಿದ್ದು ಇಷ್ಟು. ಇಂಟರ್‌ನೆಟ್ ಬರುವ ಫೈಬರ್ ಕೇಬಲ್ ಒಳಗೆ ಲೇಸರ್ ಮಿಂಚು ಬಿಟ್ಟರೆ, ಗಾಜಿನ ಪ್ರತಿ ಜಾಗದಿಂದಲೂ ಒಂದು ಚೂರು ಬೆಳಕು ಹಿಂದಕ್ಕೆ ಚದುರಿ ಬರುತ್ತದೆ. ಎಲ್ಲಿ ಫೈಬರ್ ಸ್ವಲ್ಪ ಎಳೆದುಕೊಂಡಿದೆಯೋ ಅಲ್ಲಿಂದ ಬರುವ ಅಲೆಯ ಉಬ್ಬು ಹೊತ್ತು ತಪ್ಪುತ್ತದೆ. ಹೀಗೆ ಒಂದು ಕೇಬಲ್ಲಿನ ಉದ್ದಕ್ಕೂ ಕೆಲವು ಮೀಟರಿಗೊಂದು ಕಂಪನದ ಅಳತೆ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಸಮುದ್ರದ ತಳದ 20 ಕಿಲೋಮೀಟರ್ ಕೇಬಲ್ಲನ್ನು ಹೀಗೆ ಸುಮಾರು ಹತ್ತು ಸಾವಿರ ಸೆನ್ಸರ್ ಆಗಿ ಬಳಸಿ ಭೂಕಂಪ ದಾಖಲಿಸಿದ್ದಾರೆ. ಇಳಿಜಾರಿನಲ್ಲಿ ಹೂತ ಫೈಬರ್ ಮಣ್ಣು ನಿಧಾನಕ್ಕೆ ಹರಿಯುವುದನ್ನು ತೋರಿಸಬಲ್ಲದು. ಆದರೆ ಅಲ್ಲಿನ ಕಷ್ಟ ಬೆಳಕಿನ ಗದ್ದಲ ಅಲ್ಲವೇ ಅಲ್ಲ, ಅದಕ್ಕೆ ಸ್ಕ್ವೀಜ್ಡ್ ಬೆಳಕು ಬೇಕಿಲ್ಲ. ಕಷ್ಟ ಇರುವುದು ಯಾವ ಬೆಟ್ಟದಲ್ಲಿ ಹೂಳಬೇಕು, ಮಣ್ಣಿನ ಒಳಗೆ ನೀರು ಎಷ್ಟಿದೆ, ಅಳತೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದರಲ್ಲಿ. ನಾಳೆಯೇ ಆಗುತ್ತದೆ ಅಂತ ಹೇಳಿ ಹೋದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಕ್ವಾಂಟಮ್ ಹೆಸರಿನಲ್ಲಿ ಪೆಂಡೆಂಟ್, ನೀರಿನ ಬಾಟಲಿ ಮಾರುವವರ ಬಗ್ಗೆಯೂ ಯಾರೋ ಕೇಳಿದರು. ಅದರಲ್ಲಿ ವಿಜ್ಞಾನ ಏನೂ ಇಲ್ಲ, ದುಡ್ಡು ಕೊಡಬೇಡಿ ಅಂದೆ.

ಕೊನೆಗೆ ಚಪ್ಪಡಿ ಒತ್ತಿದ ಹುಡುಗಿಯೇ ಕೇಳಿದಳು, ಬಿ.ಎಸ್ಸಿ. ಓದುತ್ತಾ ಇದನ್ನು ಶುರುಮಾಡಲು ಆಗುತ್ತದಾ ಅಂತ. ಆಗುತ್ತದೆ ಕಣಮ್ಮ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೆಳಕು ಮತ್ತು ಪರಮಾಣುಗಳ ಮೇಲೆ ಕೆಲಸ ಮಾಡುವ ಗುಂಪುಗಳಿವೆ, ಹೊರಗಿನ ವಿದ್ಯಾರ್ಥಿಗಳು ಬಂದು ಕೆಲಸ ಕಲಿಯುವ ಅವಕಾಶವೂ ಇದೆ. 2023ರಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಅಳತೆಗೆಂದೇ ಒಂದು ಕೇಂದ್ರ ಇದೆ, ಐಐಟಿ ಬಾಂಬೆ ಅದರ ನೆಲೆ. ಅದಕ್ಕೂ ಮೊದಲು ಇದೇ ಉಪಕರಣ ನೀವೇ ಕಟ್ಟಿ. ಬೀಮ್ ಸ್ಪ್ಲಿಟರ್ ಸಿಗದಿದ್ದರೆ ಮೈಕ್ರೋಸ್ಕೋಪಿನ ಗಾಜಿನ ಸ್ಲೈಡ್ ಸಾಕು, ಪಟ್ಟೆ ಮಂಕಾಗಿ ಬರುತ್ತದೆ, ಆದರೂ ಬರುತ್ತದೆ. ಎರಡು ತೋಳಿನ ಉದ್ದ ಆದಷ್ಟು ಸಮ ಇರಲಿ, ಕಡಿಮೆ ಬೆಲೆಯ ಲೇಸರಿಗೆ ಅದು ಮುಖ್ಯ. ಕೆಳಗೆ ಭಾರದ ಕಲ್ಲು, ಕಲ್ಲಿನ ಕೆಳಗೆ ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ಹಾಕಿ ಇಡಿ. ಲೇಸರಿನ ಒಳಗೆ ಯಾವತ್ತೂ ನೇರ ಕಣ್ಣಿಟ್ಟು ನೋಡಬೇಡಿ, ಉಂಗುರ, ಬಳೆ ತೆಗೆದಿಟ್ಟು ಕೆಲಸ ಮಾಡಿ. ಪಟ್ಟೆ ಸಿಕ್ಕಿದ ದಿನ ಒಂದು ಫೋಟೋ ತೆಗೆದು ನನಗೆ ಕಳಿಸಿ, ಮುಂದೆ ಏನು ಅಳೆಯಬಹುದು ಅಂತ ಆಮೇಲೆ ಮಾತಾಡೋಣ.